ಆಕರಸೂಚಿಯ ವಿನ್ಯಾಸ: ಕಾಫಿ ಮಲೆನಾಡಿನ ಕೆಲವು ನಿದರ್ಶನಗಳು

ಕನ್ನಡದ ಸಂಶೋಧನ ಲೇಖನಗಳಲ್ಲಿ ಅಡಿಟಿಪ್ಪಣಿ ಹಾಗೂ ಪರಾಮರ್ಶನ ಗ್ರಂಥಗಳ ಪಟ್ಟಿ ಸಾಮಾನ್ಯವಾಗಿ ಕೊನೆಯ ಗಳಿಗೆಯಲ್ಲಿ ಸಿದ್ಧವಾಗುವ ಭಾಗಗಳು. ಪತ್ರಿಕೆಯ ಸಂಪಾದಕರು ನಿರ್ದಿಷ್ಟ ವಿನ್ಯಾಸವೊಂದನ್ನು ಅಪೇಕ್ಷಿಸಿದಾಗ ಅದು ವಿರಾಮಚಿಹ್ನೆಗಳ ಕಿರಿಕಿರಿಯೆಂದೇ ಹಲವರಿಗೆ ತೋರುತ್ತದೆ. ವಾಸ್ತವವಾಗಿ ಆಕರಸೂಚಿಯೆಂಬುದು ಒಂದು ವಿಳಾಸ. ಲೇಖಕನನ್ನು ಮತ್ತೆ ಕೇಳದೆಯೇ ಓದುಗನು ಮೂಲವನ್ನು ತಲುಪುವಂತಿದ್ದರೆ ಅದು ಸಾರ್ಥಕ. ಎಲ್ಲ ಆಕರಗಳ ವಿಳಾಸವೂ ಒಂದೇ ಬಗೆಯದಲ್ಲವಾದ್ದರಿಂದ ವಿನ್ಯಾಸಗಳೂ ಬೇರೆ ಬೇರೆಯಾಗಿವೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯನ್ನು ಕುರಿತು ಬರೆಯುವವರಿಗೆ ಶಾಸನ, ವಿಜ್ಞಾನ ಲೇಖನ, ಸಾಹಿತ್ಯ ಕೃತಿ, ಮೌಖಿಕ ಹೇಳಿಕೆ ಈ ನಾಲ್ಕೂ ಒಟ್ಟಿಗೆ ಎದುರಾಗುತ್ತವೆ. ಆದ್ದರಿಂದ ಆ ಸೀಮೆಯ ನಿದರ್ಶನಗಳನ್ನೇ ಇಟ್ಟುಕೊಂಡು ಈ ವಿಚಾರವನ್ನು ಇಲ್ಲಿ ಪರಿಶೀಲಿಸಲಾಗಿದೆ.

1. ಶಾಸನ: ಪುಟಕ್ಕಿಂತ ಸಂಖ್ಯೆ ಮುಖ್ಯ

ಹೊಯ್ಸಳರ ಮೂಲದೊಡನೆ ಹೆಸರು ಬೆಸೆದುಕೊಂಡಿರುವ ಅಂಗಡಿಯ ಶಾಸನಗಳಿಗೂ ಕಳಸದ ಶಾಸನಗಳಿಗೂ ನಮ್ಮ ಮೊದಲ ಆಕರ ಬಿ.ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 6ನೆಯ ಸಂಪುಟ. ಅದರ ಹೆಸರಿನಲ್ಲಿರುವುದು ಕಡೂರು ಜಿಲ್ಲೆ. ಜಿಲ್ಲೆಗೆ ಚಿಕ್ಕಮಗಳೂರೆಂಬ ಹೆಸರು ಬಂದುದು 1947ರಲ್ಲಿ. ಈ ಸಂಪುಟದಲ್ಲಿ ಪೀಠಿಕೆ, ಅನುವಾದ, ರೋಮನ್ ಲಿಪಿಯ ಪಾಠ, ಕನ್ನಡ ಪಾಠಗಳಿಗೆ ಪ್ರತ್ಯೇಕ ಪುಟಸಂಖ್ಯೆಗಳಿರುವುದರಿಂದ ಕೇವಲ ಪುಟವನ್ನು ನಮೂದಿಸಿದರೆ ಯಾವ ಭಾಗದ ಪುಟವೆಂಬುದು ತಿಳಿಯದು. ತಾಲ್ಲೂಕು ಮತ್ತು ಶಾಸನಸಂಖ್ಯೆಯೇ ಇಲ್ಲಿ ಸರಿಯಾದ ವಿಳಾಸ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಪರಿಷ್ಕೃತ ಆವೃತ್ತಿಯನ್ನು ಹೊರತರಲಾರಂಭಿಸಿದಾಗ ಸಂಪುಟಗಳ ಕ್ರಮವೇ ಬದಲಾಯಿತು. 1977ರಲ್ಲಿ ಬಂದ ಪರಿಷ್ಕೃತ 6ನೆಯ ಸಂಪುಟದಲ್ಲಿರುವುದು ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳು. 'ಎ.ಕ. 6' ಎಂದಷ್ಟೇ ಬರೆದರೆ ಕಳಸದ ಶಾಸನವನ್ನು ಹುಡುಕಹೊರಟವನು ಕಾವೇರಿ ಬಯಲಿಗೆ ಬಂದು ನಿಲ್ಲುತ್ತಾನೆ. 'ಎ.ಕ. 6 (ಹಳೆಯದು, 1901), ಮೂಡಿಗೆರೆ' ಎಂದು ಬರೆದು ಶಾಸನಸಂಖ್ಯೆಯನ್ನೂ ಸಾಲುಗಳನ್ನೂ ಕೊಟ್ಟರೆ ಗೊಂದಲಕ್ಕೆ ಎಡೆಯಿಲ್ಲ. ಕಳಸವು ಇತ್ತೀಚೆಗೆ ಪ್ರತ್ಯೇಕ ತಾಲ್ಲೂಕಾಗಿದೆ. ಹಾಗೆಂದು ಹಳೆಯ ಸಂಪುಟದ ಉಲ್ಲೇಖವನ್ನು 'ಕಳಸ' ಎಂದು ತಿದ್ದಿದರೆ ವಿಳಾಸ ಕೆಡುತ್ತದೆ. 2014ರಲ್ಲಿ ಊರಿನ ಇಂಗ್ಲಿಷ್ ಕಾಗುಣಿತ ಬದಲಾದುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಗ್ರಂಥದ ಶೀರ್ಷಿಕೆಪುಟದಲ್ಲಿ ಇರುವುದನ್ನು ಇದ್ದಂತೆಯೇ ಕೊಡತಕ್ಕದ್ದು.

2. ವಿಜ್ಞಾನ ಲೇಖನ: ವರ್ಷ, ಸಂಪುಟ, ಪುಟ

ಬಾಳೆಹೊನ್ನೂರಿನ ಬಳಿಯ ಕಾಫಿ ಸಂಶೋಧನ ಕೇಂದ್ರವು ಮೈಸೂರು ಸಂಸ್ಥಾನದ ಕಾಲದಲ್ಲಿ, 1925ರಲ್ಲಿ, ಆರಂಭವಾಯಿತು. ಅಲ್ಲಿ ಕೆಲಸ ಮಾಡಿದ ಡಬ್ಲ್ಯು.ಡಬ್ಲ್ಯು. ಮೇನ್ ಅವರು ಕಾಫಿಯ ಎಲೆತುಕ್ಕು ರೋಗದ ಶಿಲೀಂಧ್ರದಲ್ಲಿ ಭಿನ್ನ ಪಂಗಡಗಳಿರುವುದನ್ನು ತೋರಿಸಿ 1932ರಲ್ಲಿ ನೇಚರ್ ಪತ್ರಿಕೆಗೆ ಕಿರುಟಿಪ್ಪಣಿಯೊಂದನ್ನು ಬರೆದರು. ಅದರ ವಿಳಾಸ ಇಷ್ಟೇ: ಮೇನ್, 1932, ನೇಚರ್, 129: 510. 129 ಸಂಪುಟ, 510 ಪುಟ. ಮಲೆನಾಡಿನ ತೋಟಗಳಲ್ಲಿ ಕಂಡುಕೊಂಡ ಸತ್ಯವನ್ನು ಜಗತ್ತಿನ ಯಾವ ಮೂಲೆಯ ಸಂಶೋಧಕನೂ ಈ ಐದು ಅಂಶಗಳಿಂದ ಇಂದಿಗೂ ತಲುಪಬಲ್ಲ.

ವಿಜ್ಞಾನದಲ್ಲಿ ಮುಖ್ಯವಾದುದು ಶೋಧ ಮತ್ತು ಅದರ ಕಾಲ. ಆದುದರಿಂದ ಲೇಖಕ-ವರ್ಷ ಪದ್ಧತಿಯಲ್ಲಿ ಹೆಸರಿನ ಬೆನ್ನಿಗೇ ವರ್ಷ ಬರುತ್ತದೆ. ಹಾರ್ವರ್ಡ್ ಪದ್ಧತಿಯೆಂದು ಕರೆಯಲಾಗುವ ಇದರ ಮೊದಲ ಬಳಕೆಯನ್ನು ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ ಅವರ 1881ರ ಲೇಖನದಲ್ಲಿ ಗುರುತಿಸುತ್ತಾರೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರು 1978ರಲ್ಲಿ ವ್ಯಾಂಕೂವರಿನಲ್ಲಿ ಸೇರಿ ರೂಪಿಸಿದ ಪದ್ಧತಿಯಲ್ಲಿ ಆಕರಗಳಿಗೆ ಬರಹದಲ್ಲಿ ಕಾಣಿಸಿಕೊಂಡ ಕ್ರಮದಲ್ಲೇ ಸಂಖ್ಯೆ ಬೀಳುತ್ತದೆ. ಮೊದಲನೆಯದರಲ್ಲಿ ಪಟ್ಟಿ ಅಕಾರಾದಿ, ಎರಡನೆಯದರಲ್ಲಿ ಸಂಖ್ಯಾನುಕ್ರಮ. ಎರಡನ್ನೂ ಒಂದೇ ಲೇಖನದಲ್ಲಿ ಬೆರೆಸಲಾಗದು.

ಸಾಹಿತ್ಯದ ಹಿನ್ನೆಲೆಯವರು ಎಡವಬಹುದಾದ ಇನ್ನೊಂದು ಜಾಗವಿದೆ. ಎಲೆತುಕ್ಕಿನ ಶಿಲೀಂಧ್ರವನ್ನು 'ಹೆಮಿಲಿಯಾ ವ್ಯಾಸ್ಟಾಟ್ರಿಕ್ಸ್ ಬರ್ಕ್. ಮತ್ತು ಬ್ರೂಮ್' ಎಂದು ಬರೆಯುವುದುಂಟು. ಕೊನೆಯ ಎರಡು ಹೆಸರುಗಳು ಅದಕ್ಕೆ 1869ರಲ್ಲಿ ನಾಮಕರಣ ಮಾಡಿದವರವು. ಅವು ಹೆಸರಿನ ಅಂಗವೇ ಹೊರತು ಆಕರಸೂಚನೆಯಲ್ಲ.

3. ಸಾಹಿತ್ಯ ಕೃತಿ: ಆವೃತ್ತಿ ಮತ್ತು ಹೆಸರು

ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ಕರ್ವಾಲೊ ಕಾದಂಬರಿ ಮೊದಲು ಪ್ರಕಟವಾದುದು 1980ರಲ್ಲಿ. ಅನಂತರ ಅದು ಹಲವು ಸಲ ಮರುಮುದ್ರಣಗೊಂಡಿದೆ. ಸಾಹಿತ್ಯ ವಿಮರ್ಶೆಯಲ್ಲಿ ಚರ್ಚೆಗೆ ವಸ್ತುವಾಗುವುದು ಮಾತಿನ ಪಾಠವೇ ಆದ್ದರಿಂದ ಪುಟಸಂಖ್ಯೆ ಬೇಕು. ಆದರೆ ಮುದ್ರಣದಿಂದ ಮುದ್ರಣಕ್ಕೆ ಪುಟಗಳು ಸರಿಯುತ್ತವೆ. ಮೊದಲ ಮುದ್ರಣದ ವರ್ಷ, ಬಳಸಿದ ಮುದ್ರಣದ ವರ್ಷ, ಪುಟ ಈ ಮೂರನ್ನೂ ಕೊಡುವುದು ಉಚಿತ. ಬಳಸಿದ ಮುದ್ರಣದ ವರ್ಷವನ್ನಷ್ಟೇ ಕೊಟ್ಟರೆ ಎಂಬತ್ತರ ದಶಕದ ಚಿಂತನೆಯೊಂದು ಇತ್ತೀಚಿನದೆಂಬ ಭ್ರಮೆ ಹುಟ್ಟೀತು.

ಹೆಸರಿನ ಪ್ರಶ್ನೆ ಇನ್ನೂ ಜಟಿಲವಾದುದು. ಬಹುತೇಕ ಅಂತಾರಾಷ್ಟ್ರೀಯ ಪದ್ಧತಿಗಳು ಕುಲನಾಮವನ್ನು ಮೊದಲಿಡುತ್ತವೆ. ಕನ್ನಡದ ಅನೇಕ ಹೆಸರುಗಳಲ್ಲಿ ಕುಲನಾಮವೇ ಇರುವುದಿಲ್ಲ. ಮೊದಲಕ್ಷರಗಳು ಊರನ್ನೂ ತಂದೆಯನ್ನೂ ಸೂಚಿಸುತ್ತವೆ. ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಎಂಬ ಹೆಸರನ್ನು 'ಕೆ', 'ಪೂ', 'ತೇ' ಈ ಮೂರು ಅಕ್ಷರಗಳಡಿಯಲ್ಲಿ ಎಲ್ಲಿ ಬೇಕಾದರೂ ಇಡಬಹುದು. ಮೂರು ಕಡೆ ಇಟ್ಟರೆ ಒಬ್ಬರೇ ಮೂವರಾಗುತ್ತಾರೆ. ಕನ್ನಡ ಪಟ್ಟಿಯಲ್ಲಿ 'ಪೂರ್ಣಚಂದ್ರ ತೇಜಸ್ವಿ, ಕೆ.ಪಿ.' ಎಂದು ವ್ಯಕ್ತಿನಾಮವನ್ನು ಮೊದಲಿಟ್ಟು, ಮೊದಲಕ್ಷರಗಳನ್ನು ಹಿಂದಿಡುವ ಕ್ರಮ ಸಮಂಜಸವೆನಿಸುತ್ತದೆ. ಯಾವುದನ್ನು ಆಯ್ದರೂ ಕೊನೆಯವರೆಗೆ ಅದನ್ನೇ ಪಾಲಿಸಬೇಕು. ವಿಜ್ಞಾನ ಪತ್ರಿಕೆಗೆ ಬರೆಯುವ ನಮ್ಮ ತರುಣ ಸಂಶೋಧಕರು ತಮ್ಮ ಹೆಸರಿನ ವಿಷಯದಲ್ಲಿಯೂ ಮೊದಲ ಲೇಖನದಲ್ಲೇ ಈ ನಿರ್ಧಾರ ಮಾಡಿಕೊಳ್ಳಬೇಕಾಗುತ್ತದೆ. 2012ರಿಂದ ದೊರೆಯುತ್ತಿರುವ ಆರ್ಕಿಡ್ ಎಂಬ ಹದಿನಾರು ಅಂಕೆಗಳ ಲೇಖಕಸಂಖ್ಯೆ ಇದಕ್ಕೆ ನೆರವಾಗುತ್ತದೆ.

4. ಮೌಖಿಕ ಹಾಗೂ ಅಪ್ರಕಟಿತ ಆಕರ

ಕಾಫಿ ತೋಟದ ಕಾರ್ಮಿಕರ ಹಾಡು, ಹಿರಿಯರ ನೆನಪು, ತೋಟದ ಮಾಲೀಕರು ದಿನವೂ ಬರೆದಿಡುವ ಮಳೆಯ ಲೆಕ್ಕ ಇವು ಅಚ್ಚಾಗದ ಆಕರಗಳು. ಅಮೆರಿಕದ ಮನಶ್ಶಾಸ್ತ್ರ ಸಂಘದ ಎಪಿಎ ಪದ್ಧತಿಯು ಖಾಸಗಿ ಸಂಭಾಷಣೆಯನ್ನು ಬರಹದ ನಡುವೆ ಮಾತ್ರ ಸೂಚಿಸಲು ಹೇಳುತ್ತದೆ, ಕೊನೆಯ ಪಟ್ಟಿಗೆ ಸೇರಿಸುವುದಿಲ್ಲ. ಓದುಗನು ಅದನ್ನು ಮತ್ತೆ ಪಡೆಯಲಾರ ಎಂಬುದು ಅದರ ತರ್ಕ. ಜಾನಪದ ಸಂಶೋಧನೆಯಲ್ಲಿ ವಕ್ತೃವೇ ಆಕರವಾದ್ದರಿಂದ ಈ ನಿಯಮವನ್ನು ಹಾಗೆಯೇ ಒಪ್ಪಲಾಗದು. ಅನುಮತಿಯೊಡನೆ ಹೆಸರು, ಊರು, ವಯಸ್ಸು, ಸಂಗ್ರಹಿಸಿದ ದಿನಾಂಕ, ಧ್ವನಿಮುದ್ರಣ ಇರುವ ಸ್ಥಳ ಇವುಗಳನ್ನು ಪ್ರತ್ಯೇಕ ಪಟ್ಟಿಯಲ್ಲಿ ಕೊಡಬೇಕು. ಮಳೆಯ ಪುಸ್ತಕವಾದರೆ ಯಾವ ವರ್ಷದ್ದು, ಯಾರ ವಶದಲ್ಲಿದೆ, ಎಂದು ನೋಡಲಾಯಿತು ಎಂಬುದನ್ನು ತಿಳಿಸಬೇಕು. 'ಒಬ್ಬ ವಕ್ತೃ ಹೇಳಿದಂತೆ' ಎಂಬ ಬರವಣಿಗೆಯಲ್ಲಿ ಪುಸ್ತಕದ ಲೇಖಕನಿಗೆ ಸಲ್ಲುವ ಗೌರವ ಹಾಡಿದವಳಿಗೆ ಸಲ್ಲದೆ ಹೋಗುತ್ತದೆ.

5. ನೋಡದ ಆಕರದ ಸಮಸ್ಯೆ

ಇಷ್ಟಾಗಿಯೂ ವಿನ್ಯಾಸವೊಂದೇ ಪ್ರಾಮಾಣಿಕತೆಯನ್ನು ತಂದುಕೊಡಲಾರದು. ರೈಸ್ ಅವರ ಸಂಪುಟವನ್ನು ನೋಡದೆ ಮತ್ತೊಬ್ಬರ ಗ್ರಂಥದಿಂದ ಅಡಿಟಿಪ್ಪಣಿಯನ್ನು ಎತ್ತಿಕೊಂಡರೆ, ಅಲ್ಲಿ ತಪ್ಪಿದ ಒಂದು ಅಂಕೆ ಪ್ರಬಂಧದಿಂದ ಪ್ರಬಂಧಕ್ಕೆ ಇಳಿದು ಬರುತ್ತದೆ. ಹತ್ತು ಕಡೆ ಕಂಡ ತಪ್ಪು ಹತ್ತು ಸಾಕ್ಷಿಗಳ ಬಲ ಪಡೆದಂತೆ ತೋರುತ್ತದೆ. ನೋಡದಿದ್ದುದನ್ನು ನೇರವಾಗಿ ಉಲ್ಲೇಖಿಸದೆ, ಯಾರ ಗ್ರಂಥದಲ್ಲಿ ಉದ್ಧೃತವಾಗಿದೆ ಎಂಬುದನ್ನು ಹೇಳುವುದೇ ನ್ಯಾಯ. ಕೃತಿಚೌರ್ಯ ತಡೆಗಾಗಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ಹೊರಡಿಸಿದ ನಿಯಮಾವಳಿಯು ಸರಿಯಾಗಿ ಆಕರ ಸೂಚಿಸಿದ ಉದ್ಧೃತಗಳನ್ನು ಸಾಮ್ಯದ ಲೆಕ್ಕದಿಂದ ಹೊರಗಿಡುತ್ತದೆ. ಆದರೆ ಸೂಚಿಸಿದ ಪುಟದಲ್ಲಿ ಆ ಮಾತು ಇದೆಯೇ ಎಂಬುದನ್ನು ಯಂತ್ರ ಹೇಳದು, ಮಾರ್ಗದರ್ಶಕರೇ ತೆರೆದು ನೋಡಬೇಕು. ಯುನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಸೂಚಿಗಳಂತೂ ಗಣಕದ ಶೋಧಕ್ಕೇ ಸಿಗುವುದಿಲ್ಲ.

ಆಯಾ ಪತ್ರಿಕೆಯ ಪದ್ಧತಿಯನ್ನು ಪಾಲಿಸುವುದು ಲೇಖಕನ ಕರ್ತವ್ಯ. ಪದ್ಧತಿ ಕೇಳದಿದ್ದರೂ ಆವೃತ್ತಿ, ಶಾಸನಸಂಖ್ಯೆ, ಮೊದಲ ಮುದ್ರಣದ ವರ್ಷ, ವಕ್ತೃವಿನ ವಿವರ ಇವನ್ನು ತನ್ನ ಟಿಪ್ಪಣಿ ಪುಸ್ತಕದಲ್ಲಿ ಓದುವಾಗಲೇ ಬರೆದಿಟ್ಟುಕೊಂಡವನಿಗೆ ಯಾವ ವಿನ್ಯಾಸಕ್ಕೆ ಬದಲಾಯಿಸುವುದೂ ಕಷ್ಟವಾಗದು. ನಮ್ಮ ಸ್ನಾತಕೋತ್ತರ ತರಗತಿಗಳಲ್ಲಿ ಸಂಶೋಧನ ವಿಧಾನವನ್ನು ಬೋಧಿಸುವಾಗ ವಿದ್ಯಾರ್ಥಿಗಳಿಗೆ ಹತ್ತು ಆಕರಸೂಚಿಗಳನ್ನು ಕೊಟ್ಟು ಗ್ರಂಥಾಲಯಕ್ಕೆ ಕಳುಹಿಸಿ, ಎಷ್ಟು ಮೂಲಗಳನ್ನು ತಲುಪಿದರೆಂದು ಕೇಳುವ ಅಭ್ಯಾಸವನ್ನು ರೂಢಿಸಬಹುದು. ವಿರಾಮಚಿಹ್ನೆಗಳ ನಿಯಮಕ್ಕೂ ಮೊದಲು ಕಲಿಯಬೇಕಾದುದು ಇದು.