ಮುಳುಗಲಾರದ ಕಡಲಾಮೆ

ನೀರಿನಲ್ಲಿ ಮುಳುಗುತ್ತಿರುವ ಮನುಷ್ಯನನ್ನು ಕಂಡರೆ ನಮಗೆ ಗಾಬರಿಯಾಗುತ್ತದೆ. ಕಡಲಾಮೆಯ ವಿಷಯದಲ್ಲಿ ಇದು ತಿರುವುಮುರುವು. ಅದು ಮುಳುಗಲಾರದೆ ತೇಲುತ್ತಲೇ ಇದ್ದರೆ ಏನೋ ಕಾಯಿಲೆಯಾಗಿದೆ ಎಂದು ತಿಳಿಯಬೇಕು.

ಇದಕ್ಕೆ ಕಾರಣವೇನು? ಕಡಲಾಮೆ ನಮ್ಮಂತೆಯೇ ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿ. ಈ ಶ್ವಾಸಕೋಶಗಳು ಬೆನ್ನಿನ ಚಿಪ್ಪಿಗೆ ತಾಗಿಕೊಂಡೇ ಇವೆ. ಮೋಟಾರು ದೋಣಿ ಬಡಿದು ಚಿಪ್ಪು ಒಡೆದಾಗ ಶ್ವಾಸಕೋಶಕ್ಕೂ ಪೆಟ್ಟಾಗಿ, ಗಾಳಿ ಸೋರಿ ಮೈಯೊಳಗೆ ಸಿಕ್ಕಿಕೊಳ್ಳಬಹುದು. ಪ್ಲಾಸ್ಟಿಕ್ ನುಂಗಿದರೆ ಕರುಳು ಕಟ್ಟಿ ಅನಿಲ ತುಂಬಬಹುದು. ಗಾಳಿ ತುಂಬಿದ ಬಾಟಲಿಗೆ ಬಿರಡೆ ಹಾಕಿ ಬಕೆಟ್ಟಿನ ನೀರಿನಲ್ಲಿ ಅದುಮಿ ನೋಡಿ. ಕೈಬಿಟ್ಟೊಡನೆ ಅದು ಮೇಲಕ್ಕೆ ಬರುತ್ತದೆ. ಆಮೆಯ ಪಾಡೂ ಇದೇ. ತಳದ ಆಹಾರ ಎಟುಕದೆ ಅದು ಸೊರಗುತ್ತದೆ, ತಪ್ಪಿಸಿಕೊಳ್ಳಲಾರದೆ ಇನ್ನೊಂದು ದೋಣಿಗೆ ಸಿಕ್ಕುತ್ತದೆ.

ಇಂತಹ ರೋಗಿಗಳಿಗಾಗಿಯೇ ಅಮೆರಿಕದ ಫ್ಲಾರಿಡಾ ರಾಜ್ಯದ ದಕ್ಷಿಣದ ದ್ವೀಪಸಾಲಿನಲ್ಲಿ, ಮ್ಯಾರಥಾನ್ ಎಂಬ ಊರಿನಲ್ಲಿ, ಒಂದು ಆಸ್ಪತ್ರೆಯಿದೆ. ಅಲ್ಲಿ ಮೋಟೆಲ್ ನಡೆಸುತ್ತಿದ್ದ ರಿಚಿ ಮೊರೆಟ್ಟಿ ಅದನ್ನು 1986ರಲ್ಲಿ ಆರಂಭಿಸಿದರು. ಅತಿಥಿಗಳ ಉಪ್ಪುನೀರಿನ ಈಜುಕೊಳವೇ ಆಮೆಗಳ ವಾರ್ಡ್ ಆಯಿತು.

ಆಮೆ ಬಂದೊಡನೆ ರಕ್ತಪರೀಕ್ಷೆ, ಎಕ್ಸ್-ರೇ ನಡೆಯುತ್ತವೆ. ನುಂಗಿದ ಗಾಳ ಎಲ್ಲಿದೆ, ಗಾಳಿ ಎಲ್ಲಿ ಸೇರಿದೆ ಎಂಬುದು ಎಕ್ಸ್-ರೇಯಲ್ಲಿ ಕಾಣುತ್ತದೆ. ಹಸಿರು ಕಡಲಾಮೆಗಳಿಗೆ ವೈರಸ್ಸಿನ ಸಂಬಂಧವಿರುವ ಒಂದು ರೋಗದಿಂದ ಕಣ್ಣು, ಕತ್ತಿನ ಮೇಲೆ ಗೆಡ್ಡೆಗಳು ಬೆಳೆಯುತ್ತವೆ. ಹೊರಗಿನ ಗೆಡ್ಡೆಗಳನ್ನು ಲೇಸರ್‌ನಿಂದ ಕತ್ತರಿಸಿ ತೆಗೆಯಬಹುದು. ಶ್ವಾಸಕೋಶ, ಮೂತ್ರಪಿಂಡಗಳಿಗೆ ಹಬ್ಬಿದ್ದರೆ ಉಳಿಸುವುದು ಕಷ್ಟ.

ಚಿಕಿತ್ಸೆಗೆ ತಾಳ್ಮೆ ಬೇಕು. ಆಮೆ ಶೀತರಕ್ತ ಪ್ರಾಣಿ. ಅದರ ಮೈಯಲ್ಲಿ ಎಲ್ಲವೂ ನಿಧಾನ, ಗಾಯ ಮಾಯುವುದೂ ನಿಧಾನ. ನಮಗೆ ದಿನಕ್ಕೆ ಹಲವು ಬಾರಿ ಬೇಕಾಗುವ ಆಂಟಿಬಯಾಟಿಕ್ ಕೆಲವು ಆಮೆಗಳಿಗೆ ಮೂರು ದಿನಕ್ಕೊಮ್ಮೆ ಸಾಕಾಗುತ್ತದೆ! ತೇಲುವ ಆಮೆಯ ಚಿಪ್ಪಿನ ಹಿಂಭಾಗಕ್ಕೆ ಸಣ್ಣ ತೂಕಗಳನ್ನು ಅಂಟಿಸಿ, ನೀರಿನಲ್ಲಿ ಸಮತೋಲ ಸಿಗುವಂತೆ ಮಾಡುತ್ತಾರೆ. ಒಳಗಿನ ಗಾಳಿ ಹೋದರೆ ತೂಕ ತೆಗೆದು ಸಮುದ್ರಕ್ಕೆ ಬಿಡುತ್ತಾರೆ.

ಗಾಳಿ ಹೋಗದಿದ್ದರೆ? ಚಿಪ್ಪಿನ ಮೇಲ್ಪದರ ಆಗಾಗ ಕಳಚುತ್ತದೆ, ಅದರೊಂದಿಗೆ ತೂಕಗಳೂ ಉದುರುತ್ತವೆ. ಕಡಲಿನಲ್ಲಿ ಅವನ್ನು ಮತ್ತೆ ಅಂಟಿಸುವವರು ಯಾರು? ಆದ್ದರಿಂದ ಅಂತಹ ಆಮೆ ಬದುಕಿರುವಷ್ಟು ಕಾಲ ಮನುಷ್ಯರ ಆರೈಕೆಯಲ್ಲೇ ಉಳಿಯಬೇಕು. ದೋಣಿ ಬಡಿಯಲು ಒಂದು ಕ್ಷಣ ಸಾಕು; ಅದನ್ನು ಸರಿಪಡಿಸಲು ಕೆಲವೊಮ್ಮೆ ಒಂದು ಆಯುಷ್ಯವೂ ಸಾಲದು.

ಹೊನ್ನಾವರ, ಕಾರವಾರದ ಕಡೆಯ ನಮ್ಮ ಕಡಲತೀರಗಳಿಗೂ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಮೊಟ್ಟೆಯಿಡುವ ತಾಯಿಯನ್ನು ಅದರ ಪಾಡಿಗೆ ಬಿಡಿ, ತಾನಾಗಿಯೇ ಮರಳುತ್ತದೆ. ಆದರೆ ಗಾಯಗೊಂಡು, ನಿತ್ರಾಣವಾಗಿ ದಡ ಸೇರಿದ ಆಮೆಯನ್ನು ಕಂಡರೆ ಕನಿಕರದಿಂದ ನೀರಿಗೆ ತಳ್ಳಬೇಡಿ. ತಲೆಯೆತ್ತಿ ಉಸಿರಾಡುವ ಶಕ್ತಿಯಿಲ್ಲದೆ ಅದು ಸಾಯಬಹುದು. ನೆರಳು ಮಾಡಿ, ಜನರನ್ನೂ ನಾಯಿಗಳನ್ನೂ ದೂರವಿರಿಸಿ, ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸಿ.