ತಕ್ಕಡಿಗೆ ಬೀಳುವ ಮೊದಲು

ಗುಜರಿ ಅಂಗಡಿಯ ತಕ್ಕಡಿಗೆ ಬಿದ್ದ ಸಾಮಾನಿಗೆ ಹೆಸರು ಉಳಿಯುವುದಿಲ್ಲ. ಬಾವಿಯ ರಾಟೆ, ಬಾಗಿಲ ಚಿಲಕ, ಗಾಡಿ ಚಕ್ರದ ಪಟ್ಟಿ ಎಲ್ಲವೂ ಅಲ್ಲಿ ಕಬ್ಬಿಣ. ಹೊಲಿಗೆ ಯಂತ್ರದ ಕಾಲು ಬೀಡು, ಬಚ್ಚಲ ಹಂಡೆ ತಾಮ್ರ. ಕಿಲೋಗೆ ಇಷ್ಟು ಎಂಬ ಒಂದೇ ಲೆಕ್ಕದಲ್ಲಿ ಎಲ್ಲವೂ ಲಾರಿ ಹತ್ತಿ ಕುಲುಮೆಗೆ ಹೋಗುತ್ತವೆ. ಹಳೆಯ ವಸ್ತುವೊಂದು ಮತ್ತೆ ಮನೆಯ ಬಳಕೆಗೆ ಬರಬೇಕಾದರೆ ಕುಲುಮೆಗಿಂತ ಮೊದಲು, ತಕ್ಕಡಿಗಿಂತಲೂ ಮೊದಲು, ಅದನ್ನು ಹೆಸರಿನಿಂದ ಗುರುತಿಸುವವರು ಯಾರಾದರೂ ಎದುರಿಗಿರಬೇಕು. ಹುಡುಕುವ ಕೆಲಸದ ಮುಕ್ಕಾಲು ಪಾಲು ಈ ಗುರುತೇ. ಉಳಿದದ್ದು ಕೈಕೆಲಸ.

ಆಂಧ್ರದ ಹಿಂದೂಪುರ ಮತ್ತು ಕಲ್ಯಾಣದುರ್ಗ ಇಂಥ ಹುಡುಕಾಟಕ್ಕೆ ಒಳ್ಳೆಯ ಸೀಮೆ. 2022ರ ಏಪ್ರಿಲ್‌ನಲ್ಲಿ ಅನಂತಪುರ ಜಿಲ್ಲೆಯನ್ನು ವಿಭಜಿಸಿದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಒಂದಕ್ಕೆ ಗೌರಿಬಿದನೂರು ನೆರೆ, ಇನ್ನೊಂದಕ್ಕೆ ಪಾವಗಡ. ಎರಡೂ ಕಡೆ ಮಾತು ತೆಲುಗಿನಿಂದ ಕನ್ನಡಕ್ಕೆ, ಕನ್ನಡದಿಂದ ತೆಲುಗಿಗೆ ಸಲೀಸಾಗಿ ಹೊರಳುತ್ತದೆ. ಹಿಂದೂಪುರ ಬೆಲ್ಲಕ್ಕೂ ಹುಣಸೆಹಣ್ಣಿಗೂ ಹೆಸರಾದ ಪೇಟೆ. ರೇಷ್ಮೆಗೂಡಿನ ಮಾರುಕಟ್ಟೆಯೂ ಅಲ್ಲಿದೆ, ಮಗ್ಗಗಳ ಮುದಿರೆಡ್ಡಿಪಲ್ಲಿ ಅದರ ಮಗ್ಗುಲಲ್ಲೇ ಇದೆ. ಕಲ್ಯಾಣದುರ್ಗದ ಕಡೆ ಕಡಲೆಕಾಯಿ ಹೊಲಗಳು, ಕಲ್ಲುಗುಡ್ಡಗಳು. ದೇಶದಲ್ಲೇ ಮಳೆ ಕಡಿಮೆ ಬೀಳುವ ಜಿಲ್ಲೆಗಳಲ್ಲಿ ಅನಂತಪುರವೂ ಒಂದು. ಬೇಸಾಯಗಾರನಿಗೆ ಅದು ದೊಡ್ಡ ಕಷ್ಟ. ಹಳೆಯ ಮರಕ್ಕೂ ಕಬ್ಬಿಣಕ್ಕೂ ಮಾತ್ರ ಈ ಒಣಹವೆ ಆಯುಷ್ಯ ಕೊಟ್ಟಿದೆ.

ಹೆಚ್ಚಿನ ಸಾಮಾನು ಹೊರಬರುವುದು ಮನೆ ಕೆಡಹುವಾಗ. ಈ ಸೀಮೆಯ ಹಳೆ ಮನೆ ಎಂದರೆ ಮಾಳಿಗೆ ಮನೆ, ತೆಲುಗಿನವರ ಬಾಯಲ್ಲಿ ಮಿದ್ದೆ. ಕಲ್ಲು ಅಥವಾ ಮರದ ಕಂಬ, ಅದರ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗಳ ಮೇಲೆ ಅಡ್ಡಡ್ಡ ಜಂತೆ, ಅದರ ಮೇಲೆ ಕಡ್ಡಿ ಅಥವಾ ಕಲ್ಲುಚಪ್ಪಡಿ, ಎಲ್ಲಕ್ಕೂ ಮೇಲೆ ಚೌಳು ಮಣ್ಣು. ಚೌಳಿನಲ್ಲಿ ಸೋಡಿಯಂ ಅಂಶ ಹೆಚ್ಚು. ನೀರು ಬಿದ್ದೊಡನೆ ಅದರ ಜೇಡಿಕಣಗಳು ಬಿಡಿಬಿಡಿಯಾಗಿ ಹರಡಿ ಸಂದುಗಳನ್ನು ಮುಚ್ಚಿಬಿಡುತ್ತವೆ, ಹಾಗಾಗಿ ಮಾಳಿಗೆ ಸೋರುವುದಿಲ್ಲ. ಬೆಳೆಗೆ ಒಗ್ಗದ ಮಣ್ಣನ್ನು ತಲೆಯ ಮೇಲಿನ ಸೂರಾಗಿಸಿಕೊಂಡ ಈ ಜಾಣತನವನ್ನು ಕೆಡಹುವ ಮೊದಲು ಒಮ್ಮೆಯಾದರೂ ಕಣ್ತುಂಬ ನೋಡಬೇಕು.

ಜೆಸಿಬಿ ಬಂದರೆ ಒಂದು ಮಧ್ಯಾಹ್ನದಲ್ಲಿ ಇಡೀ ಮನೆ ಮಣ್ಣು. ತೊಲೆ ಸೀಳುತ್ತದೆ, ಬಾಗಿಲವಾಡದ ಕೂಡುಗಳು ಮುರಿಯುತ್ತವೆ. ಬಡಗಿಯೊಬ್ಬನನ್ನು ಕರೆದು ಮೇಲಿಂದ ಕೆಳಕ್ಕೆ, ಕಟ್ಟಿದ್ದಕ್ಕೆ ತಿರುವುಮುರುವಾಗಿ ಬಿಚ್ಚಿಸಿದರೆ ಎರಡು ಮೂರು ದಿನ ಹೆಚ್ಚು ಹಿಡಿಯಬಹುದು, ಆದರೆ ಮರ ಇಡಿಯಾಗಿ ಸಿಗುತ್ತದೆ. ಬಿಚ್ಚುವ ಮುನ್ನ ಫೋಟೋ ತೆಗೆದು, ಪ್ರತಿ ತುಂಡಿಗೂ ಸೀಮೆಸುಣ್ಣದಿಂದ ಅಂಕಿ ಹಾಕಬೇಕು. ಮಣಿಪಾಲದ ವಿಜಯನಾಥ ಶೆಣೈ ಇದೇ ದಾರಿಯಲ್ಲಿ ಬಹುದೂರ ಹೋದವರು. ಕುಕನೂರಿನ ಕಮಲ ಮಹಲ್, ಮುಧೋಳ ಅರಮನೆಯ ದರ್ಬಾರ್ ಹಾಲ್‌ನಂಥ ಕಟ್ಟಡಗಳನ್ನೇ ಅವರು ಬಿಚ್ಚಿ ತರಿಸಿ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಒಂದು ಬಾಗಿಲು, ಎರಡು ಕಂಬ ಉಳಿಸಿಕೊಳ್ಳುವವರಿಗೂ ಅವರ ಕೆಲಸ ಪಾಠದಂತಿದೆ.

ಹಳೆ ಬಾಗಿಲು ಸಾಮಾನ್ಯವಾಗಿ ಗಿಡ್ಡ, ತಲೆ ಬಗ್ಗಿಸಿ ಒಳಹೋಗುವಷ್ಟು. ಹೊಸ ಗೋಡೆಯ ಅಳತೆಗೆ ಅದನ್ನು ಕೊಯ್ದರೆ ಕೆತ್ತನೆಯೂ ಕೂಡುಗಳೂ ಹಾಳಾಗುತ್ತವೆ. ಬಾಗಿಲಿನ ಅಳತೆ ಹಿಡಿದು ಗೋಡೆಯಲ್ಲಿ ಜಾಗ ಬಿಡುವುದೇ ಸರಿ. ದೇವರ ಕೋಣೆಗೆ, ಉಗ್ರಾಣಕ್ಕೆ ಗಿಡ್ಡ ಬಾಗಿಲು ಚೆನ್ನಾಗಿ ಒಪ್ಪುತ್ತದೆ. ಬಾಗಿಲನ್ನು ಮಲಗಿಸಿ ಮೇಲೆ ಗಾಜು ಹಾಕಿ ಊಟದ ಮೇಜು ಮಾಡುವುದು ಈಗ ಪೇಟೆಗಳಲ್ಲಿ ಬಲು ರೂಢಿ. ಆದರೂ ಬಾಗಿಲು ಬಾಗಿಲಾಗಿಯೇ ಬಾಳುವ ಜಾಗವಿದ್ದರೆ ಅದಕ್ಕೆ ಮೊದಲ ಹಕ್ಕು. ಹಳೆಯ ಕೆಲಸಕ್ಕೆ ಹತ್ತಿರದ ಹೊಸ ಕೆಲಸ ಸಿಕ್ಕಾಗ ವಸ್ತು ಹೆಚ್ಚು ದಿನ ಉಳಿಯುತ್ತದೆ, ಏಕೆಂದರೆ ಅದರ ದಪ್ಪ, ಕೂಡು, ತೂಕ ಎಲ್ಲವೂ ಆ ಕೆಲಸಕ್ಕೆಂದೇ ಹೊಂದಿಸಿದವು. ಕಲ್ಲುಚಪ್ಪಡಿಯ ವಿಷಯದಲ್ಲಿ ಚಿಂತೆಯೇ ಇಲ್ಲ. ಜಗಲಿ, ಅಡುಗೆ ಕಟ್ಟೆ, ಬಟ್ಟೆ ಒಗೆಯುವ ಕಲ್ಲು, ತುಳಸಿಕಟ್ಟೆಯ ಮೆಟ್ಟಿಲು, ಎಲ್ಲಿಟ್ಟರೂ ನಿಲ್ಲುತ್ತದೆ.

ಮರ ಕೊಳ್ಳುವ ಮುನ್ನ ಅದನ್ನು ಕುಟ್ಟಿ ನೋಡಬೇಕು. ಗಟ್ಟಿ ಮರ ಕಣಕಣ ಎನ್ನುತ್ತದೆ, ಗೆದ್ದಲು ತಿಂದದ್ದು ಡಬಡಬ ಎನ್ನುತ್ತದೆ. ಸಣ್ಣ ತೂತುಗಳಿದ್ದರೆ ಕೆಳಗೆ ಕಾಗದ ಹಾಸಿ ಕೆಲವು ದಿನ ಬಿಡಬೇಕು. ಹೊಸದಾಗಿ ಬಿಳಿ ಪುಡಿ ಉದುರಿದ್ದರೆ ಕುಟ್ಟೆ ಹುಳು ಇನ್ನೂ ಒಳಗಿದೆ ಎಂದು ಅರ್ಥ, ಅದಕ್ಕೆ ಮದ್ದು ಹಾಕದೆ ಮನೆಯೊಳಗೆ ತರಬಾರದು. ಗರಗಸ ಇಡುವ ಮೊದಲು ಮೊಳೆ ಹುಡುಕಬೇಕು. ಕೆಟ್ಟ ಸ್ಪೀಕರಿನಿಂದ ಕಳಚಿದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಮೇಲೆ ಆಡಿಸಿದರೆ, ಮೊಳೆ ಇದ್ದಲ್ಲಿ ಅದು ತಾನೇ ಬಾಗುತ್ತದೆ. ಹಳೆ ಬಣ್ಣದ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ಕಾನೂನು ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಎಷ್ಟಿದ್ದರೂ ಇರಬಹುದು. ಒಣ ಮರಳುಕಾಗದದಿಂದ ಉಜ್ಜಿದರೆ ಆ ಧೂಳು ಮಕ್ಕಳ ಬಾಯಿಗೆ ಹೋಗುತ್ತದೆ. ನೀರು ಚಿಮುಕಿಸಿ, ಮನೆಯ ಹೊರಗೆ, ಮುಖಕ್ಕೆ ಮಾಸ್ಕ್ ಹಾಕಿ ಉಜ್ಜಬೇಕು. ಕೊನೆಗೆ ಅಗಸೆ ಎಣ್ಣೆ ಹಚ್ಚುವ ರೂಢಿ ಇದೆ. ಆ ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು, ಆದ್ದರಿಂದ ಹರಡಿ ಒಣಗಿಸಬೇಕು.

ಕಸುಬಿನ ಸಾಮಾನುಗಳದು ಇನ್ನೊಂದು ರಾಶಿ. ವಿದ್ಯುತ್ ಪಂಪು ಬರುವ ಮೊದಲು ಈ ಬಯಲಿನ ಬಾವಿಗಳಿಂದ ನೀರೆತ್ತುತ್ತಿದ್ದದ್ದು ಎತ್ತು ಕಟ್ಟಿದ ಕಪಿಲೆ. ಅದರ ಕಬ್ಬಿಣದ ಬಾನಿಗಳೂ ರಾಟೆಗಳೂ ದನದ ಕೊಟ್ಟಿಗೆಗಳಲ್ಲಿ ಇನ್ನೂ ಸಿಗುತ್ತವೆ. ಬಾನಿ ಗಿಡ ನೆಡಲು ತಕ್ಕ ಪಾತ್ರೆ, ರಾಟೆಗೆ ಹಗ್ಗ ಹಾಕಿದರೆ ಅಟ್ಟಕ್ಕೆ ಮೂಟೆ ಏರಿಸಬಹುದು. ಬೆಲ್ಲ ಕಾಯಿಸಿ ತೂತುಬಿದ್ದ ಕೊಪ್ಪರಿಗೆ, ತೂತು ಮುಚ್ಚಿದರೆ, ತಾವರೆಕೊಳ ಆಗುತ್ತದೆ. ಮಗ್ಗದ ಮನೆಗಳಲ್ಲಿ ಸವೆದ ಲಾಳಿ, ಹಳೆ ರಾಟೆಗಳಿವೆ. ಲಾಳಿಯ ಹೊಟ್ಟೆಯೊಳಗಿನ ಟೊಳ್ಳಿನಲ್ಲಿ ಪುಟ್ಟ ಎಲ್‌ಇಡಿ ಪಟ್ಟಿ ಕೂರುತ್ತದೆ. ತಾಮ್ರ, ಹಿತ್ತಾಳೆ ಪಾತ್ರೆಯನ್ನು ಅಡುಗೆಗೆ ಬಳಸುವುದಾದರೆ ಮಾತ್ರ ಮೊದಲು ಕಲಾಯಿ ಹಾಕಿಸಬೇಕು, ಇಲ್ಲದಿದ್ದರೆ ಹುಳಿಗೆ ತಾಮ್ರ ಕರಗುತ್ತದೆ. ರೈಲು ಹಳಿಯ ಕೆಳಗೆ ಹಾಸುತ್ತಿದ್ದ ಮರದ ಸ್ಲೀಪರುಗಳು ಸಿಕ್ಕರೆ ಬಲು ಗಟ್ಟಿ, ಆದರೆ ಹುಳು ಹಿಡಿಯದಿರಲೆಂದು ಅವಕ್ಕೆ ಕ್ರಿಯೋಸೋಟ್ ಎಂಬ ವಿಷದೆಣ್ಣೆ ಕುಡಿಸಿರುತ್ತಾರೆ. ಬೇಲಿಗೆ ಸರಿ, ಮಂಚಕ್ಕೆ ಬೇಡ.

ಒಂದು ಬಗೆಯ ಹಳೆಯದನ್ನು ಮಾತ್ರ ಯಾರೂ ಮನೆಗೆ ತರಕೂಡದು. ಲೇಪಾಕ್ಷಿ ಹಿಂದೂಪುರಕ್ಕೆ ಕೂಗಳತೆಯಲ್ಲಿದೆ. ನೊಳಂಬರ ರಾಜಧಾನಿ ಹೇಮಾವತಿ ಮಡಕಶಿರಾ ಸೀಮೆಯಲ್ಲಿದೆ. ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ ವೀರಗಲ್ಲು, ಕನ್ನಡ ಶಾಸನ, ಮುರಿದ ಕಂಬ ಕಾಣುವುದು ಇಲ್ಲಿ ದಿನನಿತ್ಯದ ಮಾತು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳು ಪ್ರಾಚ್ಯವಸ್ತುಗಳು, ಪರವಾನಗಿ ಇಲ್ಲದೆ ಅವುಗಳ ವ್ಯಾಪಾರ ನಡೆಸುವಂತಿಲ್ಲ. ಕಾನೂನು ಹಾಗಿರಲಿ, ಶಾಸನದ ಅರ್ಧ ಅರ್ಥ ಅದು ನಿಂತ ನೆಲದಲ್ಲಿದೆ. ಯಾವ ಕೆರೆ, ಯಾವ ಗದ್ದೆ, ಯಾವ ಎಲ್ಲೆ ಎಂದು ಅದು ಹೇಳುತ್ತಿರುವಾಗ ಕಲ್ಲನ್ನೇ ಕಿತ್ತು ತೋಟದ ಬೆಂಚು ಮಾಡಿದರೆ ಊರಿನ ನೆನಪೇ ಹರಿದುಹೋಗುತ್ತದೆ.

ವಿದ್ಯುತ್ ಸಾಮಾನುಗಳಲ್ಲಿ ಹುಡುಕುವವರ ಕಣ್ಣು ಮೊದಲು ಬೀಳುವುದು ವಾಲ್ವ್ ರೇಡಿಯೋ ಮೇಲೆ. ಮರ್ಫಿ, ಫಿಲಿಪ್ಸ್, ಬುಷ್, ಎಚ್‌ಎಂವಿ ಹೆಸರಿನ ಮರದ ಪೆಟ್ಟಿಗೆಗಳು ಅಟ್ಟಗಳಿಂದ ಈಗಲೂ ಇಳಿಯುತ್ತಿವೆ. ಎಂಬತ್ತರ ದಶಕದವರೆಗೆ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಲೈಸೆನ್ಸ್ ಪಡೆಯಬೇಕಿತ್ತು. ಪೆಟ್ಟಿಗೆಯ ಜೊತೆ ಮುದ್ರೆ ಬಿದ್ದ ಆ ಪುಸ್ತಕವೂ ಸಿಕ್ಕರೆ ಜೋಪಾನವಾಗಿಡಬೇಕು, ರೇಡಿಯೋದ ಜಾತಕ ಅದು. ಒಳಗಿನ ವಾಲ್ವಿನ ಮೇಲೆ ಬಿಇಎಲ್ ಎಂಬ ಅಕ್ಷರಗಳಿದ್ದರೆ ಅದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನದು. 1954ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಅರವತ್ತರ ದಶಕದಲ್ಲಿ ರೇಡಿಯೋ ವಾಲ್ವ್‌ಗಳನ್ನೂ ಟ್ರಾನ್ಸಿಸ್ಟರ್‌ಗಳನ್ನೂ ತಯಾರಿಸುತ್ತಿತ್ತು.

ಅಟ್ಟದಿಂದ ಇಳಿಸಿದ ರೇಡಿಯೋವನ್ನು ಕೂಡಲೇ ಪ್ಲಗ್ಗಿಗೆ ಸಿಕ್ಕಿಸುವುದು ದೊಡ್ಡ ತಪ್ಪು. ವಾಲ್ವ್‌ಗಳು ಕೆಲಸ ಮಾಡಲು ಸುಮಾರು 250 ವೋಲ್ಟ್ ನೇರ ವಿದ್ಯುತ್ ಬೇಕು. ಅದನ್ನು ಹದಗೊಳಿಸುವ ಕೆಪಾಸಿಟರುಗಳು, ರಿಪೇರಿಯವರ ಮಾತಿನಲ್ಲಿ ಕಂಡೆನ್ಸರುಗಳು, ದಶಕಗಳಲ್ಲಿ ಒಳಗೇ ಒಣಗಿರುತ್ತವೆ. ಕಾಗದದ ಕಂಡೆನ್ಸರುಗಳು ತೇವ ಹೀರಿ ಸೋರುತ್ತವೆ. ಹಾಗೆಯೇ ಕರೆಂಟು ಕೊಟ್ಟರೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ, ಅದಕ್ಕೆ ಬದಲಿ ಸಿಗುವುದು ಕಷ್ಟ. ಹಳೆ ಮೆಕ್ಯಾನಿಕ್ಕುಗಳು ಇದಕ್ಕೆ ಸೀರೀಸ್ ಬಲ್ಬಿನ ಉಪಾಯ ಮಾಡುತ್ತಾರೆ. ಕರೆಂಟು 60 ಅಥವಾ 100 ವ್ಯಾಟಿನ ತಂತಿಬಲ್ಬಿನ ಮೂಲಕ ಹಾದು ರೇಡಿಯೋಗೆ ಹೋಗುತ್ತದೆ. ಬಲ್ಬು ಪೂರ್ತಿ ಬೆಳಗಿ ಹಾಗೇ ಉಳಿದರೆ ಒಳಗೆ ಶಾರ್ಟ್ ಆಗಿದೆ, ಒಮ್ಮೆ ಬೆಳಗಿ ಮಂಕಾದರೆ ಮುಂದುವರಿಯಬಹುದು. ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ ಕರೆಂಟು ಉಳಿದಿರುತ್ತದೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್ಟುಗಳಲ್ಲಂತೂ ಲೋಹದ ತಳವೇ ನೇರವಾಗಿ ಮೇನ್ಸ್‌ಗೆ ಸೇರಿರುತ್ತದೆ, ಮುಟ್ಟಿದರೆ ಜೀವಕ್ಕೇ ಅಪಾಯ. ಈ ಕೆಲಸ ತಿಳಿದವರ ಮುಂದೆಯೇ ಆಗಬೇಕು. ಬೇಕಾದ ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಿದೆ. ಕೆಟ್ಟ ಸೆಟ್ಟಿನಿಂದ ಕಳಚಿದ ಗುಂಡಿ, ಡಯಲು, ಸ್ಪೀಕರು ಬೇಕಿದ್ದರೆ ಚಿಕ್ಕಪೇಟೆ ಆಸುಪಾಸಿನ ಭಾನುವಾರದ ಬಜಾರಿನಲ್ಲಿ ಬೆಳಿಗ್ಗೆ ಬೇಗ ಹೋಗಿ ನೋಡಬೇಕು.

ಬಾಯಿ ಬಂದ ರೇಡಿಯೋದ ಡಯಲಿನಲ್ಲಿ ಮುಳ್ಳನ್ನು 490 ಮೀಟರಿನ ಬಳಿ ತಂದರೆ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಜ್ ಮಧ್ಯಮ ತರಂಗದ ಜಾಗ. ಹತ್ತಿರದಲ್ಲಿ ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು ಇದ್ದರೆ ಗೊರಗೊರ ಸದ್ದು ಬರುತ್ತದೆ. ಅವನ್ನು ಆರಿಸಿದರೆ ಧ್ವನಿ ತಿಳಿಯಾಗುತ್ತದೆ. ಅನೇಕ ಸೆಟ್ಟುಗಳ ಬೆನ್ನಿಗೆ ಗ್ರಾಮಫೋನ್ ಜೋಡಿಸಲೆಂದು ಪಿಕಪ್ ಸಾಕೆಟ್ ಇರುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಾದರೆ ಅದೇ ಸಾಕೆಟ್ಟಿನಿಂದ ಫೋನಿನ ಹಾಡನ್ನೂ ಕೇಳಬಹುದು. ಜೀವವಿರುವ ಸೆಟ್ಟಿನ ಒಳಗನ್ನೆಲ್ಲ ಕಿತ್ತೆಸೆದು ಬ್ಲೂಟೂತ್ ಪೆಟ್ಟಿಗೆ ಮಾಡುವುದು ಅನ್ಯಾಯ. ಗೆದ್ದಲು, ಇಲಿ ಸೇರಿ ಒಳಗೆಲ್ಲ ಹಾಳಾಗಿದ್ದರೆ ಮಾತ್ರ ಸಣ್ಣ ಆಂಪ್ಲಿಫೈಯರ್ ಹಲಗೆಯನ್ನೂ ಬ್ಲೂಟೂತ್ ಬಿಲ್ಲೆಯನ್ನೂ ಕೂರಿಸಬಹುದು. ಆಗಲೂ ಹೊಸ ತೂತು ಕೊರೆಯದೆ, ತೆಗೆದ ಭಾಗಗಳನ್ನು ಒಂದು ಡಬ್ಬಿಯಲ್ಲಿಟ್ಟರೆ ಮುಂದೆ ಯಾರಾದರೂ ಅದನ್ನು ಮತ್ತೆ ರೇಡಿಯೋ ಮಾಡಬಹುದು.

ಸತ್ತ ಕಂಪ್ಯೂಟರಿನ ವಿದ್ಯುತ್ ಪೆಟ್ಟಿಗೆ 12 ಮತ್ತು 5 ವೋಲ್ಟ್ ಕೊಡುತ್ತದೆ, ದೀಪದ ಪಟ್ಟಿಗಳಿಗೆ ಅಷ್ಟು ಸಾಕು. ಬೆಂಗಳೂರಿನ ಐಟಿಐ 1948ರಿಂದ ತಯಾರಿಸುತ್ತ ಬಂದ ಟೆಲಿಫೋನುಗಳಲ್ಲಿ ಬೆರಳಿಟ್ಟು ತಿರುಗಿಸುವ ಡಯಲಿನವು ಇನ್ನೂ ಸಿಗುತ್ತವೆ. ಎರಡನ್ನು ತಂತಿ ಮತ್ತು ಬ್ಯಾಟರಿಯಿಂದ ಜೋಡಿಸಿದರೆ ಮಹಡಿಗೂ ಅಡುಗೆಮನೆಗೂ ಮಾತು ನಡೆಯುತ್ತದೆ. ಉಬ್ಬಿದ ಲ್ಯಾಪ್‌ಟಾಪ್ ಬ್ಯಾಟರಿ, ಒಡೆದ ಟ್ಯೂಬ್‌ಲೈಟ್, ಲಾರಿಯ ಸೀಸದ ಬ್ಯಾಟರಿ ಇವಕ್ಕೆ ಮನೆಯಲ್ಲಿ ಎರಡನೆಯ ಬಾಳು ಇಲ್ಲ.

ಡಬ್ಬಿ ಟಿವಿಯದೂ ಅದೇ ಕಥೆ. ಬಣ್ಣದ ಟಿವಿಯ ಪಿಕ್ಚರ್ ಟ್ಯೂಬಿನಲ್ಲಿ 20ರಿಂದ 25 ಸಾವಿರ ವೋಲ್ಟ್ ಓಡಾಡಿರುತ್ತದೆ, ಪ್ಲಗ್ ಕಿತ್ತ ಮೇಲೂ ಹೊಡೆತ ಕೊಡಬಲ್ಲದು. ಒಳಗೆ ನಿರ್ವಾತ, ಗಾಜಿನಲ್ಲಿ ಸೀಸ. ಅದನ್ನು ಖಾಲಿ ಮಾಡಿ ಮೀನಿನ ತೊಟ್ಟಿ, ಬೆಕ್ಕಿನ ಮನೆ ಮಾಡುವ ಚಿತ್ರಗಳು ನೋಡಲು ಚೆಂದ, ಮಾಡಲು ಹೋದರೆ ಗಾಜು ಸಿಡಿದು ಕಣ್ಣು ಹೋಗಬಹುದು. ಗುಜರಿಯವರಿಗೆ ಬಿಡಿಸಿ ಕೊಟ್ಟರೆ ಅವರು ತಾಮ್ರದಾಸೆಗೆ ತಂತಿ ಸುಡುತ್ತಾರೆ, ಆ ಹೊಗೆಯನ್ನು ಮೊದಲು ಕುಡಿಯುವುದು ಅವರ ಮಕ್ಕಳೇ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಇಂಥ ಸಾಮಾನನ್ನು ನೋಂದಾಯಿತ ಘಟಕಗಳಿಗೇ ತಲುಪಿಸಬೇಕೆಂದು ಹೇಳುತ್ತವೆ. ಬೆಂಗಳೂರಿನ ಬಳಿಯ ದಾಬಸ್‌ಪೇಟೆಯಲ್ಲಿ 2005ರಲ್ಲಿ ಶುರುವಾದ ಇ-ಪರಿಸರ ಇದೆ, ದೇಶದಲ್ಲಿ ಅಧಿಕೃತ ಪರವಾನಗಿ ಪಡೆದ ಮೊದಲ ಇ-ತ್ಯಾಜ್ಯ ಘಟಕ ಅದು. ಟಿವಿಯನ್ನು ಬೆನ್ನಿನ ಮುಚ್ಚಳ ಬಿಚ್ಚದೆ, ಪರದೆಯ ಭಾಗ ಕೆಳಗಾಗುವಂತೆ ಹಳೆ ಕಂಬಳಿಯ ಮೇಲೆ ಮಲಗಿಸಿ ಇಡಿಯಾಗಿಯೇ ಸಾಗಿಸಬೇಕು.