ಬಸದಿಗಳ ನೆರೆಯಲ್ಲಿ ಬಾಳುವ ಮನೆಗಳು

ಲಾಯಿಲದ ನಮ್ಮಂಥವರಿಗೆ ಮೂಡುಬಿದಿರೆ ದೂರದ ಊರೇನಲ್ಲ. ಬೆಳ್ತಂಗಡಿ, ಗುರುವಾಯನಕೆರೆಗಳನ್ನು ದಾಟಿ, ತಿಮ್ಮಣ್ಣ ಅಜಿಲರು 1604ರಲ್ಲಿ ಬಾಹುಬಲಿಯ ಮೂರ್ತಿಯನ್ನು ಸ್ಥಾಪಿಸಿದ ವೇಣೂರಿನ ಮಾರ್ಗವಾಗಿ ಸಾಗಿದರೆ ಆ ಊರು ಸಿಗುತ್ತದೆ. ಸಾವಿರ ಕಂಬದ ಬಸದಿಯನ್ನು ಒಮ್ಮೆಯೂ ನೋಡದ ಕುಟುಂಬ ನಮ್ಮಲ್ಲಿ ವಿರಳ. ಆದರೆ ಬಸದಿಯ ಅಂಗಳದಿಂದ ಹೊರಬಂದ ಬಳಿಕ ಸುತ್ತಲಿನ ಹಳೆಯ ಮನೆಗಳತ್ತ ಕಣ್ಣು ಹಾಯಿಸುವವರು ನಮ್ಮಲ್ಲಿ ಎಷ್ಟು ಮಂದಿ? ಪ್ರವಾಸಿಗರು ಬಂದು ಹೋಗುತ್ತಾರೆ. ಆ ಬೀದಿಗಳಲ್ಲಿ ಬಾಳುವವರು ಅಲ್ಲಿಯೇ ಇರುತ್ತಾರೆ. ಪ್ರಾಚೀನ ಪೇಟೆಯೊಂದು ಉಳಿಯುವುದು ಈ ಎರಡನೆಯವರಿಂದ ಎಂಬುದು ನಮ್ಮ ಅಭಿಪ್ರಾಯ.

ಜೈನಕಾಶಿ ಎಂದು ಕರೆಸಿಕೊಳ್ಳುವ ಈ ಪಟ್ಟಣದಲ್ಲಿ ಹದಿನೆಂಟು ಬಸದಿಗಳಿವೆ. 1430ರಲ್ಲಿ ನಿರ್ಮಾಣಗೊಂಡ ತ್ರಿಭುವನ ತಿಲಕ ಚೂಡಾಮಣಿ, ಅಂದರೆ ಸಾವಿರ ಕಂಬದ ಬಸದಿ, ಅವುಗಳಲ್ಲಿ ಅತಿ ದೊಡ್ಡದು. ಉಳಿದ ಕೆಲವುಗಳ ಹೆಸರುಗಳನ್ನು ಗಮನಿಸಿರಿ: ವಿಕ್ರಮ ಶೆಟ್ಟಿ ಬಸದಿ, ಮಹಾದೇವ ಶೆಟ್ಟಿ ಬಸದಿ, ಚೋಳ ಶೆಟ್ಟಿ ಬಸದಿ. ಇವು ಅರಸರ ಹೆಸರುಗಳಲ್ಲ, ಶೆಟ್ಟರ ಹೆಸರುಗಳು. ದೇವರ ಮನೆಯೂ ತಮ್ಮ ಮನೆಯೂ ಕೂಗಳತೆಯಲ್ಲಿ ಇರಬೇಕೆಂಬ ಬಯಕೆ, ಇಗರ್ಜಿಯ ಗಂಟೆ ಕೇಳಿಸುವಷ್ಟು ಸಮೀಪದಲ್ಲಿ ಜಾಗ ಹುಡುಕುವ ನಮಗೆ ಅರ್ಥವಾಗದ ಸಂಗತಿಯೇನಲ್ಲ. ಧವಲ, ಜಯಧವಲ, ಮಹಾಧವಲ ಎಂಬ ತಾಳೆಗರಿ ಗ್ರಂಥಗಳು ಶತಮಾನಗಳ ಕಾಲ ಸುರಕ್ಷಿತವಾಗಿ ಉಳಿದುದು ಇಲ್ಲಿಯ ಗುರುಬಸದಿಯಲ್ಲಿ. ಸುತ್ತಮುತ್ತ ಕಾಯುವ ಜನರಿಲ್ಲದಿದ್ದರೆ ಆ ಗರಿಗಳು ಎಂದೋ ಗೆದ್ದಲಿನ ಪಾಲಾಗುತ್ತಿದ್ದವು.

ಸಮೀಪದಲ್ಲೇ ಚೌಟರ ಅರಮನೆ ಇದೆ. ಮರದ ಕಂಬಗಳಲ್ಲಿ ಒಂಬತ್ತು ಮಂದಿ ಸ್ತ್ರೀಯರು ಹೆಣೆದುಕೊಂಡು ಆನೆಯಾದ ನವನಾರೀಕುಂಜರವನ್ನೂ ಐವರು ಸೇರಿ ಕುದುರೆಯಾದ ಪಂಚನಾರೀತುರಗವನ್ನೂ ಕೆತ್ತಲಾಗಿದೆ. ಉಳ್ಳಾಲದ ರಾಣಿ ಅಬ್ಬಕ್ಕ ಇದೇ ವಂಶದವಳು. ಅರಮನೆಯೆಂದೊಡನೆ ಕೋಟೆ ಕೊತ್ತಲಗಳನ್ನು ಎಣಿಸಿಕೊಂಡು ಹೋದವರಿಗೆ ನಿರಾಸೆಯಾದೀತು. ಅದು ವಂಶಸ್ಥರು ಬಾಳಿಕೊಂಡು ಬಂದ ಮನೆ.

ಇಂತಹ ಮನೆಗಳಲ್ಲಿ ವಾಸಿಸುವುದು ನೋಡುವವರ ಕಣ್ಣಿಗೆ ಕಾಣುವಷ್ಟು ಸುಲಭವಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆ ನಮ್ಮದು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ನಂತರ ಮುಳಿಹುಲ್ಲಿನ ಮಾಡುಗಳು ಕ್ರಮೇಣ ಹಂಚಿನವಾದವು. ಹಂಚಾದರೂ ಒಂದು ಒಡೆದರೆ ಸಾಕು, ನೀರು ರೀಪಿಗೆ ಇಳಿಯುತ್ತದೆ, ರೀಪಿನಿಂದ ಪಕ್ಕಾಸಿಗೆ, ಪಕ್ಕಾಸಿನಿಂದ ಗೋಡೆಗೆ. ಜನರಿರುವ ಮನೆಯಲ್ಲಿ ಸೋರಿಕೆ ಅಂದೇ ಕಣ್ಣಿಗೆ ಬೀಳುತ್ತದೆ. ಬೀಗ ಹಾಕಿದ ಮನೆಯಲ್ಲಿ ಅದು ತಿಳಿಯುವುದು ಮಾಡು ಕುಸಿದ ಮೇಲೆ. ಒಲೆಯ ಹೊಗೆ ಆಡದ ಮನೆಯ ಮರಕ್ಕೆ ಗೆದ್ದಲು ಬೇಗ ಹತ್ತುತ್ತದೆಂದು ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ಮಳೆಗಿಂತಲೂ ದೊಡ್ಡ ತೊಡಕು ಪಾಲಿನದು. ತುಳುನಾಡಿನ ಜೈನರಲ್ಲೂ ಬಂಟರಲ್ಲೂ ಅಳಿಯಸಂತಾನ ಪದ್ಧತಿ ರೂಢಿಯಲ್ಲಿತ್ತು. ಮನೆ ಕುಟುಂಬದ್ದು, ಒಬ್ಬರದಲ್ಲ; ಎಲ್ಲರೂ ಒಪ್ಪದೆ ಪಾಲಾಗುವಂತೆಯೂ ಇರಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆಯೂ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೂ ಬಂದ ಮೇಲೆ ಪ್ರತಿಯೊಬ್ಬರಿಗೂ ಹಕ್ಕು ದೊರೆಯಿತು. ಅದು ನ್ಯಾಯವೇ. ಆದರೆ ಹಕ್ಕು ಹಲವರಿಗೆ ಹಂಚಿಹೋದಾಗ ಹಂಚು ಬದಲಿಸುವ ಖರ್ಚು ಯಾರದೆಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಈ ಮಾತು ನಮ್ಮ ಕ್ರೈಸ್ತ ಕುಟುಂಬಗಳಿಗೆ ಏಕೆ ಎಂದು ಯಾರಾದರೂ ಕೇಳಬಹುದು. 1784ರ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದಂದು, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕೆಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಮನೆ, ಗದ್ದೆ, ತೋಟ ಎಲ್ಲವೂ ಜಪ್ತಿಯಾದವು, ಇಗರ್ಜಿಗಳು ನೆಲಸಮವಾದವು. ಮೂಡುಬಿದಿರೆಯ ಸಮೀಪದ ಹೊಸ್ಪೆಟ್‌ನ ಪವಿತ್ರ ಶಿಲುಬೆಯ ಇಗರ್ಜಿ ಮಾತ್ರ ಚೌಟ ಅರಸರ ಸ್ನೇಹದಿಂದ ಉಳಿಯಿತೆಂದು ನಮ್ಮ ಸಮುದಾಯದ ಚರಿತ್ರೆ ಹೇಳುತ್ತದೆ. 1799ರಲ್ಲಿ ಟಿಪ್ಪುವಿನ ಪತನದ ನಂತರ ಮರಳಿ ಬಂದವರು ಬರಿಗೈಯಲ್ಲಿ ಮತ್ತೆ ಮನೆ ಕಟ್ಟಿದರು. ಮೂಡುಬಿದಿರೆಯವರಂತೆ ಐದಾರು ಶತಮಾನಗಳ ಹಿಂದಿನ ನೆರೆಹೊರೆಯನ್ನು ತೋರಿಸಲು ನಮಗೆ ಆಗದಿರುವುದಕ್ಕೆ ಇದೂ ಒಂದು ಕಾರಣ. ನಮ್ಮ ಇಗರ್ಜಿಯೊಂದನ್ನು ಉಳಿಸಿಕೊಟ್ಟ ಅರಸುಮನೆತನದ ಊರಿಗೆ ನಾವು ಬರಿಯ ಪ್ರವಾಸಿಗರಾಗಿ ಹೋಗಿಬರುವುದು ಅಷ್ಟೊಂದು ಶೋಭಿಸುವುದಿಲ್ಲ.

ಇತ್ತ ನಮ್ಮ ವಾಳೆಗಳನ್ನೇ ನೋಡೋಣ. ಅಜ್ಜ ಅಜ್ಜಿ ಕಟ್ಟಿದ ಮುರಕಲ್ಲಿನ ಮನೆ, ಒಳಗೆ ಅಲ್ತಾರಿನ ಎದುರು ಸಂಜೆಯ ತೇರ್ಸ, ಅಂಗಳದಲ್ಲಿ ಶಿಲುಬೆ. ಮಕ್ಕಳು ಮುಂಬಯಿ, ಬೆಂಗಳೂರು, ಗಲ್ಫ್ ಸೇರಿದ್ದಾರೆ. ಮನೆಯಲ್ಲಿ ವೃದ್ಧ ತಾಯಿಯೊಬ್ಬರೇ, ಇಲ್ಲವೇ ಬೀಗ. ಅಂದು ಸುಲ್ತಾನನ ಆಜ್ಞೆಯಿಂದ ಕಳೆದುಕೊಂಡದ್ದನ್ನು ಇಂದು ಯಾರ ಆಜ್ಞೆಯೂ ಇಲ್ಲದೆ ನಾವೇ ಬಿಟ್ಟುಕೊಡುತ್ತಿದ್ದೇವೆ ಎಂದರೆ ಕೆಲವರಿಗೆ ಕಹಿಯೆನಿಸಬಹುದು. ದುಡಿಮೆಗಾಗಿ ಊರು ಬಿಡುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಹಳೆಯ ಮನೆಗಳನ್ನೆಲ್ಲ ಉಳಿಸಲೇಬೇಕೆಂಬ ಹಟವೂ ನಮಗಿಲ್ಲ. ಪಕ್ಕಾಸು ಲಡ್ಡಾದ ಮನೆಯಲ್ಲಿ ಮುದುಕರನ್ನು ಇರಿಸುವುದು ಭಕ್ತಿಯಲ್ಲ, ನಿರ್ದಯೆ.

ಆದರೆ ಉಳಿಸಬಹುದಾದ ಮನೆಗಳ ಬಗ್ಗೆ ತಂದೆತಾಯಿಗಳು ಬದುಕಿರುವಾಗಲೇ ತೀರ್ಮಾನವಾಗಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಮರಣಶಾಸನ ಬರೆದಿಡದೆ ತೀರಿಹೋದ ಕ್ರೈಸ್ತರ ಆಸ್ತಿಯಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲ ಮಕ್ಕಳಿಗೂ ಸಮಪಾಲು. ಮನೆಯಲ್ಲಿ ಯಾರು ಇರುವುದು, ಇತರರಿಗೆ ಪ್ರತಿಯಾಗಿ ಏನು, ಮಳೆಗಾಲದ ರಿಪೇರಿಗೆ ಯಾರೆಷ್ಟು ಕೊಡುವುದು ಎಂಬುದನ್ನು ಮರಣಶಾಸನದಲ್ಲಿ ಬರೆದು ಇಬ್ಬರು ಸಾಕ್ಷಿಗಳ ಸಹಿ ಪಡೆದಿರಿಸಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಮಕ್ಕಳೆಲ್ಲ ಕೂಡುವುದು ಮೇ ತಿಂಗಳ ರಜೆಯಲ್ಲಿ, ಮದುವೆ ಸಮಾರಂಭಗಳ ನಡುವೆ. ಮಾಡಿನ ಕೆಲಸದವರು ಸಿಗುವುದೂ ಅದೇ ದಿನಗಳಲ್ಲಿ.